ಆ್ಯಡ್ ಬರದ ಪ್ಯಾಕು, ಗಂಟು ಕಟ್ಟಿದ ಹಿಟ್ಟು

ಹೋದ ದೀಪಾವಳಿ ಆಫರಲ್ಲಿ ಅವ್ವಂಗೆ ಅಂತ ಸೀರಿಯಲ್ ನೋಡೋ ಆ್ಯಪಿಂದು ಒಂದು ವರ್ಷದ ಪ್ಯಾಕ್ ಹಾಕಿಸ್ದೆ, ಇನ್ನೊಂದು ಆ್ಯಪು ಮೊಬೈಲ್ ರೀಚಾರ್ಜ್ ಜೊತೆಗೇ ಬಂದಿತ್ತು. ಹತ್ತು ತಿಂಗ್ಳಾಯ್ತು. ಪಿಕ್ಚರ್ ಹೆಂಗೆ ಬರುತ್ತೆ, ಎಷ್ಟು ಫೋನಲ್ಲಿ ನಡೆಯುತ್ತೆ ಅನ್ನೋದನ್ನೆಲ್ಲ ಬೇರೆಯವ್ರು ಬರ್ದಿದಾರೆ, ನೋಡ್ಕೊಳಿ. ನನ್ ಕಂಪ್ಲೇಂಟ್ ಒಂದೇ. ಇದ್ರಲ್ಲಿ ಆ್ಯಡ್ ಬರಲ್ಲ.

ನಗ್ಬೇಡಿ, ಪೂರ್ತಿ ಕೇಳಿ. ನಮ್ಮದು ಮಂಡ್ಯ ಪಕ್ಕದ ಹಳ್ಳಿ, ರಾತ್ರಿ ಹಿಟ್ಟು ಆಗ್ಲೇಬೇಕು (ಮುದ್ದೆ ಅಂತ ನೀವು ಮೈಸೂರಿನವ್ರು ಅಂದ್ಕೊಳಿ). ಕೇಬಲ್ಲಲ್ಲೇ ಸೀರಿಯಲ್ ನೋಡ್ತಿದ್ದಾಗ ಈ ಹಿಟ್ಟು ಬ್ರೇಕ್ ಲೆಕ್ಕದಲ್ಲೇ ಆಗ್ತಿತ್ತು. ಮೊದಲನೇ ಬ್ರೇಕಿಗೆ ಎಸರಿಡೋದು, ಎರಡನೇದಕ್ಕೆ ರಾಗಿ ಹಿಟ್ಟು ಸುರ್ದು ಉರಿ ಸಣ್ಣ ಮಾಡಿ ಓಡಿ ಬರೋದು, ಮೂರನೇದಕ್ಕೆ ಪಾತ್ರೆ ಅಲ್ಲಾಡ್ದಂಗೆ ಕವೆಗೋಲು ಕೊಟ್ಟು ಗಟ್ಟಿಯಾಗಿ ತಿರುವೋದು. ಅರ್ಧ ಗಂಟೆಲಿ ಕಥೆ ಅಂತ ಇರೋದು 20–22 ನಿಮಿಷ ಅಷ್ಟೇ, ಮಿಕ್ಕಿದ್ದೆಲ್ಲ ಸೋಪು, ಟೀ ಪುಡಿ, ಚಿನ್ನದಂಗಡಿ. ನಾವೆಲ್ಲ ಬೈಕೊಂಡು ನೋಡ್ತಿದ್ವಲ್ಲ ಆ ಟೈಮಲ್ಲೇ ನಮ್ಮನೆ ಊಟ ರೆಡಿ ಆಗ್ತಿತ್ತು ಅನ್ನೋದು ನಂಗೆ ಪ್ಯಾಕ್ ಹಾಕ್ಸಿದ್ಮೇಲೇ ಗೊತ್ತಾಗಿದ್ದು.

ಮೊದಲ ವಾರ ಎರಡು ದಿನ ಹಿಟ್ಟು ಗಂಟಾಯ್ತು, ಒಂದಿನ ತಳ ಹಿಡೀತು. ಪಾಝ್ ಒತ್ತಿ ನಿಲ್ಲಿಸ್ಬೋದಲ್ವಾ ಅಂತೀರ. ನಾನೂ ಅದನ್ನೇ ಅಂದೆ, ಬಟನ್ ತೋರಿಸ್ದೆ, ಒತ್ತಿಸ್ದೆ. ಸ್ಕ್ರೀನಲ್ಲಿ ಅತ್ತೆ ಪಾತ್ರ ಅರ್ಧ ಬಾಯ್ ತಕ್ಕೊಂಡು, ಒಂದು ಕಣ್ಣು ಮುಚ್ಕೊಂಡು ಹಂಗೇ ನಿಂತ್ಕೊತು. ಅವ್ವ ಅದನ್ನ ಒಂದ್ ಗಳಿಗೆ ನೋಡಿ, "ಅಯ್ಯೋ ಬುಡ್ಲಾ ಅತ್ಲಾಗೆ, ಅವ್ರು ಮಾತಾಡ್ತಾ ಅವ್ರೆ, ಅಂಗೇ ನಿಲ್ಸ್‌ಬುಟ್ಟು ಎದ್ದೋದ್ರೆ ಚೆಂದ್ವಾ" ಅಂತು. ಅವತ್ತಿಂದ ಇವತ್ತಿನವರೆಗೂ ಆ ಬಟನ್ ಮುಟ್ಟಿಲ್ಲ. ಆಮೇಲೆ ಒಂದು ಮುಗಿಯೋದ್ರೊಳ್ಗೆ ಮುಂದಿನ ಸಂಚಿಕೆ ತಾನಾಗೇ ಶುರುವಾಗ್ಬಿಡುತ್ತೆ, ಏಳೋಕೆ ಪುರುಸೊತ್ತೇ ಕೊಡಲ್ಲ, ನಾನು ಮೈಸೂರಲ್ಲಿ ಡ್ಯೂಟಿ ಮುಗಿಸ್ಕೊಂಡು ರೈಲಿಳಿದು ಮನೆಗೆ ಬಂದ್ರೆ ಒಲೆ ಮೇಲೆ ಬರೀ ಸಾರು ಇರುತ್ತೆ.

ಸೀರಿಯಲ್ ಹೆಂಗಿವೆ ಅಂತ ಕೇಳಿದ್ರೆ, ಅವ್ವನ ಲೆಕ್ಕದಲ್ಲಿ ಅಮೃತಧಾರೆನೇ ಫಸ್ಟು. 2011ರಲ್ಲಿ ಹಿಂದಿಲಿ ಶುರುವಾಗಿದ್ದರ ರೀಮೇಕು, ಕನ್ನಡದಲ್ಲಿ 2023ರಲ್ಲಿ ಶುರುವಾಯ್ತು, ವಯಸ್ಸು ಮೀರಿದ ಇಬ್ರು ಮದುವೆಯಾಗೋ ಕಥೆ. ರಾಜೇಶ್ ನಟರಂಗ ಮಾತಾಡೋಕೆ ಮುಂಚೆ ಒಂಚೂರು ನಿಲ್ಲಿಸ್ತಾರಲ್ಲ, ಆ ನಿಲ್ಲಿಸೋದ್ರಲ್ಲೇ ಅರ್ಧ ಡೈಲಾಗ್ ಮುಗ್ದೋಗಿರುತ್ತೆ, ಭೂಮಿಕ ಪಾತ್ರದ ಛಾಯಾ ಸಿಂಗ್ ಸುಮ್ನೆ ನೋಡ್ತಾರೆ ಅಷ್ಟೇ. ಒಬ್ರ ಮುಖಕ್ಕೆ ಮೂರ್ ಸಲ ಕ್ಯಾಮೆರಾ ನುಗ್ಗಿಸಿ ಢಮ್ ಢಮ್ ಅನ್ನಿಸೋ ಚಾಳಿ ಇದ್ರಲ್ಲೂ ಇದೆ, ಆದ್ರೆ ಇವರಿಬ್ರು ಇರೋ ಸೀನಲ್ಲಿ ಅದನ್ನೂ ತಡ್ಕೊಬೋದು.

ಪುಟ್ಟಕ್ಕನ ಮಕ್ಕಳು ಬಗ್ಗೆ ಅವ್ವಂಗೆ ಇವತ್ತಿಗೂ ಸಿಟ್ಟು. ಉಮಾಶ್ರೀ ಮೆಸ್ಸಲ್ಲಿ ಸೌಟು ಹಿಡ್ಕೊಂಡು ನಿಂತ್ರೆ, "ಮಂತ್ರಿಯಾಗಿದ್ದೋರು ನೋಡು, ಬಡ್ಸೋ ಕೈ ಎಂಗದೆ" ಅಂತ ಮೆಚ್ಕೊತಿತ್ತು. ಮಗಳು ಸ್ನೇಹನ್ನ ಡಿಸಿ ಮಾಡಿ ಆಮೇಲೆ ಸಾಯಿಸಿದ್ರಲ್ಲ, ಅವತ್ತು ಊಟ ಬಿಡ್ಲಿಲ್ಲ ಅನ್ನೋದೊಂದೇ. "ಓದ್ಸಿ ಓದ್ಸಿ ಡೀಸಿ ಮಾಡಿ ಕೊಂದ್ಬುಟ್ರಲ್ಲ, ಅಷ್ಟಕ್ಕೆ ಯಾಕ್ ಓದಿಸ್ಬೇಕಿತ್ತು" ಅಂತ ಡೈರೆಕ್ಟ್ರಿಗೆ ಹಾಕಿದ ಬೈಗುಳ ಇಲ್ಲಿ ಬರೆಯೋಹಂಗಿಲ್ಲ. ಇನ್ನು ಅಣ್ಣಯ್ಯ ಸೀರಿಯಲ್ಲು, ನಾಲ್ಕು ತಂಗೇರ ಅಣ್ಣನ ಕಥೆ, ನಮ್ ಕಡೆ ಭಾಷೆ ಅಂತ ಖುಷಿಯಿಂದ ಶುರು ಮಾಡಿದ್ವಿ, ಈಗ ಅದು ಬಂದಾಗೆಲ್ಲ ಮನೇಲಿ ವ್ಯಾಕರಣದ ಕ್ಲಾಸು. ನನ್ ಕಿವಿಗೆ ಅನ್ಸಿದ್ದೇನಂದ್ರೆ ಸೀರಿಯಲ್‌ನವ್ರು ನಮ್ ಭಾಷೆ ಅಂದ್ರೆ ಸಾಲಿಗೊಂದು 'ಲಾ' ಮತ್ತೆ 'ಕಣ್ಲಾ' ಅಂದ್ಕೊಂಡಿದಾರೆ. ನಮ್ ಮಾತಿನ ರಾಗ ಇರೋದು 'ಒಸಿ'ಲಿ, 'ಬುಡತ್ಲಾಗೆ'ಲಿ, ಕೇಳಿದ್ದಕ್ಕೆ ಉತ್ತರ ಕೊಡ್ದೆ ಇನ್ನೊಂದು ಕೇಳೋದ್ರಲ್ಲಿ.

ಪ್ಯಾಕ್‌ನವ್ರಿಗೆ ಟಿವಿಗಿಂತ ಮುಂಚೆನೇ ಸಂಚಿಕೆ ಸಿಗುತ್ತಲ್ಲ, ಅದ್ರಿಂದ ಬೇರೆ ಫಜೀತಿ. ಸಂಜೆ ಡೈರಿಲಿ ಕ್ಯಾನ್ ಇಟ್ಕೊಂಡು ಕ್ಯೂ ನಿಂತಿರ್ತಾರೆ, ಹಾಲಿಂದು ಫ್ಯಾಟ್ ನೋಡೋವರ್ಗೂ ಸುಮ್ನೆ ಇರ್ಬೇಕಲ್ಲ, ಅವ್ವ ಮೆಲ್ಲಗೆ, "ಇವತ್ತ್ ರಾತ್ರಿ ಭೂಮಿಕಂಗೆ ಗೊತ್ತಾಯ್ತದೆ ಕನಕ್ಕ" ಅಂತ ಬಿಟ್ಬಿಡುತ್ತೆ. ಮೊದ್ಲು ಹದಿನೈದು ದಿನ ರಾಜಮರ್ಯಾದೆ. ಆಮೇಲೆ ಪಕ್ಕದ್ಮನೆ ಅತ್ತೆ, "ನಿಮ್ಮವ್ವ ಕ್ಯೂಲಿದ್ರೆ ನಾನು ಆಲ್ ಆಕಕ್ಕೇ ಬರಕ್ಕಿಲ್ಲ, ಯೋಳ್ಬುಡು" ಅಂತ ನಂಗೆ ಹೇಳಿ ಕಳ್ಸಿದ್ರು. ಮೂರು ದಿನ ಮಾತಿರ್ಲಿಲ್ಲ.

ಇಷ್ಟೆಲ್ಲ ಆದ್ಮೇಲೆ ಕ್ಯಾನ್ಸಲ್ ಮಾಡೋಣ ಅಂತಲೇ ಇದ್ದೆ. ಡಿಸೆಂಬರ್, ಅವರೆಕಾಯಿ ಟೈಮು. ಹಿತಕಬೇಳೆ ಸಾರಿಗೆ ಕಾಳು ನೆನೆಸಿ, ತಟ್ಟೆ ಮಧ್ಯ ಇಟ್ಕೊಂಡು ಇಬ್ರೂ ಹಿತುಕ್ತಾ ಕೂತಿದ್ವಿ (ಅವ್ವಂಗೆ ಎರಡು ಸಂಚಿಕೆಗೆ ಒಂದು ಪಾವು, ನಂಗೆ ಅದರಲ್ಲಿ ಅರ್ಧವೂ ಆಗಲ್ಲ, ಕಾಳು ಹಾರಿ ಸೋಫಾ ಕೆಳಗೆ ಹೋಗುತ್ತೆ). ಇನ್ನೊಂದು ಆ್ಯಪಲ್ಲಿ ಭಾಗ್ಯಲಕ್ಷ್ಮೀ ಹಳೇ ಸಂಚಿಕೆಗಳು ಸಿಕ್ವು. ಅವು ಟಿವಿಲಿ ಬರೋವಾಗ ಅವ್ವ ಮೊಣಕಾಲು ಆಪರೇಷನ್ ಮಾಡಿಸ್ಕೊಂಡು ಅಕ್ಕನ ಮನೇಲಿತ್ತು, ನೋಡಿರ್ಲಿಲ್ಲ. ಸುಷ್ಮಾ ಕೆ. ರಾವ್ ಮಾಡಿರೋ ಭಾಗ್ಯ, ಮದುವೆ ಆಗಿ ಮಕ್ಕಳು ದೊಡ್ಡವಾದ್ಮೇಲೆ ಎಸ್ಸೆಸ್ಸೆಲ್ಸಿ ಬರೆಯೋಕೆ ಮತ್ತೆ ಸ್ಕೂಲಿಗೆ ಹೋಗ್ತಾಳೆ, ಹೋಗು ಅಂತ ಹಿಂದೆ ಬೀಳೋದು ಅತ್ತೆನೇ. ನೋಡ್ತಾ ನೋಡ್ತಾ ಹಿತುಕೋ ಸದ್ದು ನಿಂತೋಗಿತ್ತು. ತಿರುಗಿ ನೋಡಿದ್ರೆ ಅವ್ವನ ಬೆರಳಲ್ಲಿ ಒಂದು ಕಾಳು ಹಂಗೇ ಇದೆ, ಸಿಪ್ಪೆ ಅರ್ಧ ಬಿಟ್ಕೊಂಡು.

"ಏಳ್ನೇ ಕ್ಲಾಸ್ಗೇ ಬಿಡ್ಸ್‌ಬುಟ್ರು ನನ್ನ" ಅಂತು, ನಂಗೆ ಗೊತ್ತಿರೋದೇ. ಆಮೇಲೆ, "ಈಗ್ಲೂ ಕಟ್ಬೋದೇನ್ಲಾ ಎಸ್ಸೆಲ್ಸಿನ?"

ಕಟ್ಬೋದು ಕನವ್ವ ಅಂದೆ. "ಊಂ, ಕಟ್ದೆ, ನಿಮ್ಮಪ್ಪಂಗೆ ಹಿಟ್ಟು ಯಾರ್ ತಿರುವ್ತಾರೆ" ಅಂತ ಕಾಳು ತಟ್ಟೆಗೆ ಹಾಕ್ತು. ಆದ್ರೆ ಆ ಸ್ಕೂಲ್ ಸಂಚಿಕೆಗಳನ್ನ ಪೂರ್ತಿ ಎರಡು ಸಲ ನೋಡಿದೆ, ಎರಡನೇ ಸಲ ನಾನಿಲ್ದೇ ಇರೋವಾಗ. ಆ್ಯಪಲ್ಲಿ ಹಿಸ್ಟರಿ ತೋರ್ಸುತ್ತಲ್ಲ, ಅದ್ರಿಂದ ಗೊತ್ತಾಯ್ತು. ಕೇಬಲ್ಲಲ್ಲಿ ಇದು ಸಿಕ್ತಿರ್ಲಿಲ್ಲ, ಅಷ್ಟಂತೂ ಒಪ್ಕೊಬೇಕು.

ಹಂಗಂತ ಆ ರೇಟಿಗೆ ಇನ್ನೊಂದು ವರ್ಷ ಹಾಕ್ಸೋಕೆ ನನ್ ಕೈಲಾಗಲ್ಲ, ಕೇಬಲ್ಲಿನವ್ರಿಗೂ ತಿಂಗಳು ತಿಂಗಳು ಕಟ್ತಾನೇ ಇದೀನಿ, ಅಪ್ಪಂಗೆ ನ್ಯೂಸ್ ಬೇಕು. ಮೊನ್ನೆ ನೋಡ್ದೆ, ಆ್ಯಡ್ ಬರೋ ಪ್ಯಾಕ್ ಒಂದಿದೆ, ಕಮ್ಮಿ ದುಡ್ಡು. ಅವ್ವಂಗೆ ಹೇಳ್ದೆ, ಬೈಯುತ್ತೇನೋ ಅಂದ್ಕೊಂಡೆ. ಒಲೆ ಕಡೆಯಿಂದಾನೇ ಕೇಳ್ತು:

"ಎಷ್ಟ್ ಬ್ರೇಕು ಬತ್ತದಂತ್ಲಾ?"