ಇಂಟರ್ನೆಟ್ ಆರ್ಕೈವ್: ಸುಮಾರು ವರ್ಷದಿಂದ ಬಳಸ್ತಿರೋನ ಅಭಿಪ್ರಾಯ

ಹಳೇ ಸಿನಿಮಾ, ಹಳೇ ಗೇಮು, ಹಳೇ ಟಿವಿ, ಹಳೇ ಪುಸ್ತಕ ಅಂತ ಹುಡುಕಿ ಹುಡುಕಿ ಫ್ರೆಂಡ್ಸ್‌ಗೆ ಕಳ್ಸೋ ಹುಚ್ಚು ಇರೋರಿಗೆ ಇಂಟರ್ನೆಟ್ ಆರ್ಕೈವ್ ಅನ್ನೋ ಆನ್‌ಲೈನ್ ಲೈಬ್ರರಿಯ ಸೈಟ್ ಆರ್ಕೈವ್ ಡಾಟ್ ಆರ್ಗ್‌ಗಿಂತ ಒಳ್ಳೇ ಜಾಗ ನಂಗಂತೂ ಸಿಕ್ಕಿಲ್ಲ. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದ್ದು, ದುಡ್ಡು ಮಾಡೋ ಕಂಪನಿ ಅಲ್ಲ, ದೇಣಿಗೆ ಮೇಲೆ ನಡೆಯೋ ಸಂಸ್ಥೆ, ಅದಕ್ಕೇ ವಿಡಿಯೋ ಮಧ್ಯ ಜಾಹೀರಾತು ಬರೋ ಕಾಟ ಇಲ್ಲ.

ಕಂಪ್ಯೂಟರ್ ಲ್ಯಾಬ್‌ನಲ್ಲಿ ಸರ್ ಆ ಕಡೆ ಹೋದ ತಕ್ಷಣ ಗೇಮ್ ಹಾಕ್ತಿದ್ದ ಬ್ಯಾಚಿನವರು ಯಾರಾದ್ರೂ ಇದ್ರೆ ಮೊದ್ಲು ಅಲ್ಲಿರೋ ಡಾಸ್ (ವಿಂಡೋಸ್‌ಗೂ ಮುಂಚಿನ ಕಂಪ್ಯೂಟರ್ ಸಿಸ್ಟಮ್) ಗೇಮ್‌ಗಳನ್ನ ನೋಡಿ. ಏನೂ ಇನ್‌ಸ್ಟಾಲ್ ಮಾಡೋದು ಬೇಡ, ಬ್ರೌಸರ್‌ನಲ್ಲೇ ಓಡುತ್ತೆ. ಪ್ರಿನ್ಸ್ ಆಫ್ ಪರ್ಷಿಯಾ ಲಿಂಕ್ ನಮ್ಮ ಸ್ಕೂಲ್ ಗ್ರೂಪಿಗೆ ಹಾಕಿದ್ದಷ್ಟೇ, ತಿಂಗಳುಗಟ್ಟಲೆ ಗುಡ್ ಮಾರ್ನಿಂಗ್ ಬಿಟ್ರೆ ಏನೂ ಬರ್ದೇ ಇದ್ದ ಗ್ರೂಪಲ್ಲಿ ರಾತ್ರಿ ಪೂರ್ತಿ ಮಾತು, ಕೆಳಗಿಂದ ಏಳೋ ಮುಳ್ಳು, ಕಾಲಿಟ್ರೆ ಕುಸಿಯೋ ಹಲಗೆ, 60 ನಿಮಿಷದ ಗಡುವು, ಎಲ್ಲಾ ಎಲ್ರಿಗೂ ನೆನಪಿತ್ತು. ಆ ರಾಜಕುಮಾರ ಓಡೋದು, ಹಾರೋದು ಅಷ್ಟು ನೈಜವಾಗಿ ಕಾಣೋಕೆ ಕಾರಣ, ಗೇಮ್ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನ್ನ ಓಡ್ಸಿ ಹಾರ್ಸಿ ವಿಡಿಯೋ ತೆಗ್ದು ಒಂದೊಂದೇ ಫ್ರೇಮ್ ನೋಡ್ಕೊಂಡು ಚಿತ್ರ ಬರೆದಿದ್ದು, ಅದೂ 1989ರಲ್ಲಿ ಬಂದ ಗೇಮಿಗೆ! ಇದನ್ನ ಗ್ರೂಪಲ್ಲಿ ಹೇಳಿದಾಗ ಅರ್ಧ ಜನ ನಂಬ್ಲೇ ಇಲ್ಲ. ಕೀಬೋರ್ಡ್ ಇದ್ರೆನೇ ಮಜಾ, ಮೊಬೈಲ್‌ನಲ್ಲಿ ಟ್ರೈ ಮಾಡ್ಬೇಡಿ.

ಸಿನಿಮಾ ವಿಷಯಕ್ಕೆ ಬಂದ್ರೆ ಹೊಸ ಪಿಕ್ಚರ್ ಹುಡ್ಕೋಕೆ ಇಲ್ಲಿಗೆ ಹೋಗ್ಬೇಡಿ, ಇದರ ಬೆಲೆ ಇರೋದು ಕಾಪಿರೈಟ್ ಇಲ್ಲದ ಹಳೇ ಚಿತ್ರಗಳಲ್ಲಿ. ಇವತ್ತಿನ ಝಾಂಬಿ ಸಿನಿಮಾಗಳಿಗೆಲ್ಲಾ ಮೂಲ ಅನ್ನೋ 1968ರ ನೈಟ್ ಆಫ್ ದಿ ಲಿವಿಂಗ್ ಡೆಡ್ ಪೂರ್ತಿ ಸಿಗುತ್ತೆ, ಅದೂ ಕಾನೂನು ಪ್ರಕಾರನೇ. ವಿತರಕರು ಟೈಟಲ್ ಬದಲಾಯಿಸಿದಾಗ ಕಾಪಿರೈಟ್ ಸಾಲು ಪ್ರಿಂಟಿಂದ ಬಿಟ್ಟೋಯ್ತು, ಆಗಿನ ಅಮೆರಿಕದ ಕಾನೂನಲ್ಲಿ ಆ ಸಾಲಿಲ್ದಿದ್ರೆ ಹಕ್ಕೂ ಇಲ್ಲ. ಒಂದು ಸಾಲಿನಿಂದ ಇಡೀ ಸಿನಿಮಾ ಲೋಕದ ಪಾಲಾಯ್ತು ನೋಡಿ.

ನಂಗೆ ತುಂಬಾ ಹತ್ತಿರ ಆಗಿರೋದು ಮರಿಯನ್ ಸ್ಟೋಕ್ಸ್ ಅವ್ರ ವಿಷಯ. ಫಿಲಡೆಲ್ಫಿಯಾದ ಈ ಹೆಂಗಸು ಮನೇಲಿ ಹಲವು ವಿಸಿಆರ್ ಇಟ್ಕೊಂಡು ಸುಮಾರು 1979ರಿಂದ 2012ರಲ್ಲಿ ತೀರ್ಕೊಳ್ಳೋ ತನಕ ಟಿವಿ ನ್ಯೂಸು ಹಗಲೂ ರಾತ್ರಿ ರೆಕಾರ್ಡ್ ಮಾಡಿದ್ರು, ಹತ್ತಾರು ಸಾವಿರ ಟೇಪು. ಆ ಟೇಪ್‌ಗಳೆಲ್ಲ ಬಂದಿದ್ದು ಆರ್ಕೈವ್‌ಗೇ. ಚಾನೆಲ್‌ಗಳೇ ಉಳಿಸ್ಕೊಳ್ದೇ ಇದ್ದಿದ್ದನ್ನ ಒಬ್ರು ಮನೇಲಿ ಕೂತು ಉಳಿಸಿದ್ರು ಅಂದ್ರೆ ಎಷ್ಟು ದೊಡ್ಡ ಕೆಲಸ ಅದು, ನಾನು ಯಾರಿಗೆ ಏನೇ ಕಳ್ಸಿದ್ರೂ ಜೊತೆಗೆ ಅವ್ರ ಕಥೆ ಹೇಳೇ ಹೇಳ್ತೀನಿ.

ಶೇರ್ ಮಾಡೋರಿಗೆ ದೊಡ್ಡ ಲಾಭ ಅಂದ್ರೆ ಪುಸ್ತಕದ ಇಂಥದೇ ಪುಟ ಅಂತ ಲಿಂಕ್ ಕಳಿಸ್ಬಹುದು, ತೆಗೆದ್ರೆ ನೇರ ಅದೇ ಪುಟ. ವಾಟ್ಸಾಪ್ ಫಾರ್ವರ್ಡ್ ಥರ ಯಾರ್ದೋ ಎಲ್ಲಿಂದ್ಲೋ ಅಲ್ಲ, ಯಾವ ಸಂಗ್ರಹದ್ದು, ಯಾವಾಗ ಅಪ್‌ಲೋಡ್ ಆಗಿದ್ದು ಎಲ್ಲಾ ಕೆಳಗೇ ಇರುತ್ತೆ. ಡಿಲೀಟ್ ಆಗ್ಬಹುದು ಅನ್ಸಿದ ಪೇಜ್ ಸಿಕ್ರೆ ವೆಬ್ ಪೇಜುಗಳ ಪ್ರತಿ ಉಳಿಸಿಡೋ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ ಅಡ್ರೆಸ್ ಕೊಟ್ಟು ಸೇವ್ ಮಾಡ್ಸಿ, ಆಮೇಲೆ ಆ ಲಿಂಕನ್ನೇ ಕಳ್ಸಿ. ಇದನ್ನ ಅಭ್ಯಾಸ ಮಾಡ್ಕೊಳ್ಳಿ ಪ್ಲೀಸ್.

ಕನ್ನಡ ಪುಸ್ತಕಗಳೂ ರಾಶಿ ಇವೆ, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳು ಇಲ್ಲಿವೆ, ಸರ್ವೆಂಟ್ಸ್ ಆಫ್ ನಾಲೆಡ್ಜ್ ಅನ್ನೋ ಸಂಗ್ರಹಕ್ಕೆ ಬೆಂಗಳೂರಲ್ಲೇ ಸ್ಕ್ಯಾನ್ ಮಾಡೋರು ಇದಾರೆ. ಆದ್ರೆ ಎಷ್ಟೋ ಪುಸ್ತಕದ ಹೆಸ್ರು ಇಂಗ್ಲಿಷ್ ಅಕ್ಷರದಲ್ಲಿ ಬಾಯಿಗೆ ಬಂದಂಗೆ ಟೈಪ್ ಆಗಿರುತ್ತೆ, ಕನ್ನಡದಲ್ಲಿ ಹುಡುಕಿ ಸಿಗ್ಲಿಲ್ಲ ಅಂತ ಬಿಡ್ಬೇಡಿ, ಮೂರ್ನಾಲ್ಕು ಥರ ಸ್ಪೆಲ್ಲಿಂಗ್ ಹಾಕಿ ನೋಡಿ, ಲೇಖಕರ ಹೆಸ್ರಿಂದಾನೂ ನೋಡಿ.

ಇನ್ನೊಂದು, 2024ರ ಅಕ್ಟೋಬರ್‌ನಲ್ಲಿ ಸೈಟ್ ಮೇಲೆ ಸೈಬರ್ ದಾಳಿ ಆಗಿ ಸುಮಾರು 3.1 ಕೋಟಿ ಅಕೌಂಟ್‌ಗಳ ಮಾಹಿತಿ ಸೋರಿಕೆ ಆಗಿತ್ತು, ಕೆಲವು ದಿನ ಸೈಟೇ ಬಂದ್. ಅದಕ್ಕಿಂತ ಮುಂಚೆ ಅಕೌಂಟ್ ಮಾಡಿದ್ದು ಪಾಸ್‌ವರ್ಡ್ ಇನ್ನೂ ಬದಲಾಯಿಸಿಲ್ಲ ಅಂದ್ರೆ ಇವತ್ತೇ ಬದಲಾಯಿಸಿ. ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ.