ಸೀಟಿಲ್ಲದ ಗಾಡಿ: ಬೆಳಗಾವಿಯಲ್ಲಿ ನಾಲ್ಕು ವರ್ಷ ಟ್ರಯಲ್ಸ್ ಬೈಕ್ ಸಾಕಿದ ಮೇಲೆ

ಇದು ಶೋರೂಮಿನಿಂದ ಹೊಸದಾಗಿ ತಂದ ಗಾಡಿಯ ವಿಮರ್ಶೆ ಅಲ್ಲ. ನಾಲ್ಕು ವರ್ಷದ ಹಿಂದೆ ಪುಣೆಯ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದ ಯುರೋಪಿನ ಟ್ರಯಲ್ಸ್ ಬೈಕ್. 250 ಸಿಸಿ, ಟೂ ಸ್ಟ್ರೋಕ್, ವಾಟರ್ ಕೂಲ್ಡ್, ಕಿಕ್ ಹೊಡೆದೇ ಸ್ಟಾರ್ಟ್ ಮಾಡಬೇಕು. ಕಂಪನಿ ಹೆಸರು ಬರೆಯುವುದಿಲ್ಲ. ಯಾಕಂದ್ರೆ ಮುಂದೆ ಹೇಳುವ ತೊಂದರೆಗಳಲ್ಲಿ ಅರ್ಧ ಹಿಂದಿನ ಮಾಲೀಕರು ಬಳುವಳಿಯಾಗಿ ಕೊಟ್ಟದ್ದು, ಇನ್ನರ್ಧ ನಾನೇ ಕೈಯಾರೆ ಮಾಡಿಕೊಂಡದ್ದು. ಬೆಲೆಯನ್ನೂ ಬರೆಯುವುದಿಲ್ಲ. ಮನೆಯವರು ಓದುತ್ತಾರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಟ್ರಯಲ್ಸ್ ಅಂದರೆ ರೇಸ್ ಅಲ್ಲ. ಕಲ್ಲು, ದಿಬ್ಬ, ಹಳ್ಳದ ನಡುವೆ ಹಾಕಿದ ದಾರಿಯನ್ನು ಕಾಲು ಊರದೆ ದಾಟುವುದು. ಒಂದು ಸಲ ಕಾಲೂರಿದರೆ 1 ಅಂಕ, ಎರಡು ಸಲಕ್ಕೆ 2, ಆಮೇಲೆ ಎಷ್ಟು ಊರಿದರೂ 3, ಬಿದ್ದರೆ 5. ಅಂಕ ಕಡಿಮೆ ಇದ್ದವರೇ ಗೆದ್ದವರು. ಸ್ಕಾಟ್ಲೆಂಡಿನಲ್ಲಿ ಆರು ದಿನದ ಟ್ರಯಲ್ 1909ರಿಂದ ಇದೆ. ಸ್ಪೇನಿನ ಟೋನಿ ಬೌ 2007ರಿಂದ ವರ್ಷ ಬಿಡದೆ ವಿಶ್ವ ಚಾಂಪಿಯನ್ ಆಗುತ್ತಾ ಬಂದವರು, ನಾನು ಹಾಳಾಗಿದ್ದು ಅವರ ವಿಡಿಯೋ ನೋಡಿಯೇ. ಅವರು ಆಳೆತ್ತರದ ಬಂಡೆ ಹತ್ತುತ್ತಾರೆ. ನಾಲ್ಕು ವರ್ಷದಲ್ಲಿ ನಾನು ಸೊಂಟದವರೆಗೆ ಬಂದಿದ್ದೇನೆ, ಅದೂ ಯಾರೂ ನೋಡದಿದ್ದಾಗ.

ಗಾಡಿ ಟೆಂಪೋದಿಂದ ಇಳಿದ ದಿನ ಅವ್ವ ಎರಡು ಸುತ್ತು ಹಾಕಿ ನೋಡಿ, "ಕುಂಡ್ರಾಕ ಜಾಗಾ ಇಲ್ಲದ ಗಾಡಿಗಿ ಇಷ್ಟ್ ರೊಕ್ಕಾ ಕೊಟ್ಟಿಯೇನಪಾ?" ಅಂದರು. ಅವರ ಮಾತು ಸರಿ. ನಿಂತೇ ಓಡಿಸುವ ಗಾಡಿ, ಸೀಟ್ ಇಲ್ಲ. ಟಾಕಿಯಲ್ಲಿ ಎರಡೂವರೆ ಲೀಟರ್ ಹಿಡಿಸುತ್ತದೆ. ತೂಕ 70 ಕೆಜಿ ಹತ್ತಿರ, ಸ್ಪ್ಲೆಂಡರ್ ತೂಕ 110 ಕೆಜಿ ಮೇಲಿದೆ ಅನ್ನುವುದನ್ನು ನೆನಪಿಡಿ. ನಂಬರ್ ಪ್ಲೇಟ್ ಇಲ್ಲ, ರಸ್ತೆಗೆ ಇಳಿಸುವ ಹಾಗಿಲ್ಲ. ಹೀಗಾಗಿ ಅನಗೋಳದ ಮನೆಯಿಂದ ಪ್ರತಿ ಸಲ ಟಾಟಾ ಏಸ್‌ನಲ್ಲಿ ಕಟ್ಟಿ ಒಯ್ಯಬೇಕು. ಪೀರನವಾಡಿ ದಾಟಿ ಜಾಂಬೋಟಿ ರಸ್ತೆಯಲ್ಲಿ ಸೋದರಮಾವನ ಹೊಲ ಇದೆ, ಅದರ ಅಂಚಿಗೆ ಚಿರೆಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಅದೇ ನನ್ನ ಮೈದಾನ. ಖಾನಾಪುರದ ಕಾಡಿಗೆ ಹೋಗೋಣ ಅಂತ ಕರೆಯುವವರು ಇದ್ದಾರೆ. ಆ ಕಡೆ ಭೀಮಗಡ ಅಭಯಾರಣ್ಯ ಇದೆ, ಸುಮ್ನೆ ಕೇಸ್ ಹಾಕಿಸಿಕೊಳ್ಳಬೇಡಿ. ಕಾಡಿಗೂ ನಮ್ಮ ಸದ್ದು ಬೇಕಿಲ್ಲ.

ಕಿಲೋಮೀಟರ್ ಲೆಕ್ಕ ಇಲ್ಲ, ಗಂಟೆ ಲೆಕ್ಕ. ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಇವತ್ತಿಗೆ 260 ಗಂಟೆ ದಾಟಿದೆ. ಆ ಡೈರಿ ತಿರುವಿ ಹಾಕಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕಲ್ಲಿನ ಮೇಲೆ ಎತ್ತಿ ಎತ್ತಿ ಹಾಕಿದ್ದಕ್ಕೆ ಗಾಡಿ ಕೆಟ್ಟದ್ದು ಕಡಿಮೆ. ಮೂಲೆಯಲ್ಲಿ ಸುಮ್ಮನೆ ನಿಲ್ಲಿಸಿದ್ದಕ್ಕೆ ಕೆಟ್ಟದ್ದೇ ಜಾಸ್ತಿ.

ಮೊದಲ ಮಳೆಗಾಲವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದು ಯಾವಾಗ ಅಂತ ನಿಮಗೇ ಗೊತ್ತು. ತಾಡಪತ್ರಿ ಹೊಚ್ಚಿ ನಿಲ್ಲಿಸಿದೆ, ಟಾಕಿಯಲ್ಲಿ ಪೆಟ್ರೋಲ್ ಇತ್ತು, ಕಾರ್ಬುರೇಟರ್ ತುಂಬಿತ್ತು. ಸೆಪ್ಟೆಂಬರ್‌ನಲ್ಲಿ ತೆಗೆದರೆ ಚೋಕ್ ಎಳೆದಾಗ ಮಾತ್ರ ಸ್ಟಾರ್ಟ್ ಆಗುತ್ತದೆ, ಚೋಕ್ ಬಿಟ್ಟ ಕೂಡಲೇ ಬಂದ್. ರೇಸ್ ಕೊಟ್ಟು ಹಿಡಿದರೆ ಓಡುತ್ತದೆ, ಕೈ ಬಿಟ್ಟರೆ ಸಾಯುತ್ತದೆ. ಈ ಲಕ್ಷಣ ಕಂಡರೆ ಬೇರೆ ಏನನ್ನೂ ಬಿಚ್ಚಬೇಡಿ, ಕಾರ್ಬುರೇಟರ್ ಒಳಗೆ ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ನೋಡಿ. ಕೂದಲೆಳೆಯಷ್ಟು ಸಣ್ಣ ತೂತು ಅದು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ನಮ್ಮ ಜಿಲ್ಲೆಯ ಕಬ್ಬೇ ಫ್ಯಾಕ್ಟರಿ ಸುತ್ತಿ ನಮ್ಮ ಕಾರ್ಬುರೇಟರಿಗೆ ಬಂದು ಕೂತಿದೆ ಅನ್ನಿ. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಮೂರು ತಿಂಗಳು ನಿಂತರೆ ಅಡಿಯಲ್ಲಿ ನೀರು ಕೂರುತ್ತದೆ, ಒಣಗಿದ ಕಡೆ ಅಂಟು, ಬಿಳಿ ಪುಡಿ. ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ತೂತಿನಲ್ಲಿ ಬೆಳಕೇ ಕಾಣಲಿಲ್ಲ. ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ, ಕ್ಲೀನರ್ ಹೊಡೆದೆ. ಸೂಜಿ, ಸ್ಟೀಲ್ ತಂತಿ ಹಾಕಬೇಡಿ, ತೂತು ದೊಡ್ಡದಾದರೆ ಜೆಟ್ಟೇ ಕೆಲಸಕ್ಕೆ ಬಾರದು.

ಅಂದಿನಿಂದ ಮನೆಗೆ ಹೊರಡುವ ಮುಂಚೆ ಖಣಿಯಲ್ಲೇ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನೇ ಆರುವವರೆಗೆ ಬಿಡುತ್ತೇನೆ. ವಾರಕ್ಕಿಂತ ಜಾಸ್ತಿ ನಿಲ್ಲುವುದಿದ್ದರೆ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಚೆಲ್ಲುತ್ತೇನೆ. ಟಾಕಿ ಖಾಲಿ. ಎರಡು ನಿಮಿಷದ ಕೆಲಸ ಅಷ್ಟೆ.

ಆಯಿಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಆರ್‌ಎಕ್ಸ್ 100 ಓಡಿಸಿ ಬೆಳೆದ ನಮ್ಮ ಪೀಳಿಗೆಗೆ ಟೂ ಸ್ಟ್ರೋಕ್ ಅಂದರೆ ಹೊಗೆ, "ಆಯಿಲ್ ಸ್ವಲ್ಪ ಜಾಸ್ತಿ ಇರಲಿ" ಅನ್ನುವುದು ರೂಢಿ. ಇಲ್ಲಿ ಅದು ನಡೆಯುವುದಿಲ್ಲ. ನಿಧಾನ ಓಡುವ ಗಾಡಿ, ಆಯಿಲ್ ಪೂರ್ತಿ ಸುಡುವುದೇ ಇಲ್ಲ. ಮೊದಲ ವರ್ಷ ಲೀಟರ್ ಪೆಟ್ರೋಲಿಗೆ 30 ಎಂಎಲ್ ಆಯಿಲ್ ಬೆರೆಸಿದೆ. ಪ್ಲಗ್ ಕಪ್ಪು, ಸೈಲೆನ್ಸರ್ ಬಾಯಿಂದ ಕಾಡಿಗೆಯಂಥ ರಸ, ಆಮೇಲೆ ಒಳಗಿನ ಫೈಬರ್ ಎಲ್ಲ ನೆನೆದು ಗಾಡಿ ಮೂಗು ಕಟ್ಟಿದ ಹಾಗೆ ಓಡುತ್ತಿತ್ತು. ಮ್ಯಾನ್ಯುಯಲ್ ಓದಿದ ಮೇಲೆ 14 ಎಂಎಲ್‌ಗೆ ಬಂದೆ, ಒಳ್ಳೆ ಸಿಂಥೆಟಿಕ್ ಆಯಿಲ್. ಸೈಲೆನ್ಸರ್ ಬಿಚ್ಚಿ ಹೊಸ ಫೈಬರ್ ತುಂಬಿದೆ. ಬೇರೆ ಗಾಡಿಯೇ ಆದ ಹಾಗಾಯಿತು. ನಿಮ್ಮ ಗಾಡಿಯ ಲೆಕ್ಕ ಬೇರೆ ಇರಬಹುದು, ನಿಮ್ಮ ಮ್ಯಾನ್ಯುಯಲ್ ನೋಡಿ.

ಕ್ಲಚ್ ಕಥೆ ನನ್ನದೇ ದಡ್ಡತನ. ಟ್ರಯಲ್ಸ್ ಗಾಡಿಯಲ್ಲಿ ಕ್ಲಚ್ಚೇ ಎಲ್ಲ, ಒಂದೇ ಬೆರಳಲ್ಲಿ ದಿನವಿಡೀ ಆಡಿಸುತ್ತಿರಬೇಕು. ಹೈಡ್ರಾಲಿಕ್ ಅದು, ಅಂದರೆ ಕೇಬಲ್ ಬದಲು ಫ್ಲೂಯಿಡ್ ಒತ್ತಡದಿಂದ ಕೆಲಸ ಮಾಡುವಂಥದ್ದು. ಒಂದು ದಿನ ಡಬ್ಬಿಯಲ್ಲಿ ಫ್ಲೂಯಿಡ್ ಕಡಿಮೆ ಕಂಡಿತು. ಬ್ರೇಕಿಗೆ ಡಾಟ್ 4 ಅನ್ನುವ ಬ್ರೇಕ್ ಫ್ಲೂಯಿಡ್ ಹಾಕುತ್ತೇವಲ್ಲ, ಇದಕ್ಕೂ ಅದೇ ಅಂತ ಸುರಿದೆ. ನನ್ನ ಗಾಡಿಯ ಕ್ಲಚ್ಚಿಗೆ ಮಿನರಲ್ ಆಯಿಲ್ ಬೇಕು, ಬ್ರೇಕಿಗೆ ಮಾತ್ರ ಡಾಟ್ 4. ಮುಚ್ಚಳದ ಮೇಲೆ ಬರೆದೂ ಇತ್ತು, ಕೆಮ್ಮಣ್ಣು ಮೆತ್ತಿತ್ತು, ಒರೆಸಿ ನೋಡಲಿಲ್ಲ. ಹದಿನೈದು ದಿನದಲ್ಲಿ ರಬ್ಬರ್ ಸೀಲ್ ಎಲ್ಲ ಊದಿಕೊಂಡು, ಹಿಡಿದ ಕ್ಲಚ್ ವಾಪಸ್ ಬರಲೇ ಇಲ್ಲ. ಮೇಲಿನದು, ಕೆಳಗಿನದು ಎರಡೂ ಸಿಲಿಂಡರಿನ ಸೀಲ್ ಕಿಟ್ ಹೊರದೇಶದಿಂದ ತರಿಸಬೇಕಾಯಿತು. ಐದು ವಾರ, ಮೇಲೆ ಕಸ್ಟಮ್ಸ್ ಸುಂಕ. ಹಾಕಿದ ಮೇಲೆ ಗಾಳಿ ತೆಗೆಯುವುದು ಇನ್ನೊಂದು ಗೋಳು. ಲಿವರ್ ಒತ್ತಿ ಒತ್ತಿ ಬೆರಳು ನೋಯಿಸಿಕೊಳ್ಳಬೇಡಿ. ಮೆಡಿಕಲ್ ಶಾಪಿನಲ್ಲಿ 50 ಎಂಎಲ್ ಸಿರಿಂಜ್ ತಂದು ಕೆಳಗಿನಿಂದ ಮೇಲಕ್ಕೆ ಆಯಿಲ್ ತಳ್ಳಿ. ಗಾಳಿಗೂ ಮೇಲಕ್ಕೆ ಹೋಗುವುದೇ ಇಷ್ಟ, ಅಲ್ವಾ?

ಇನ್ನೊಂದು, ನಿಂತ ಗಾಡಿಯ ಕ್ಲಚ್ ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕ್ಲಚ್ ಹಿಡಿದು ಗೇರ್ ಹಾಕಿದರೂ ಗಾಡಿ ಹಾರುತ್ತದೆ. ಹೀಗೆ ಒಂದು ಸಲ ಅವ್ವನ ತುಳಸಿ ಕಟ್ಟೆಗೇ ಹೋಗಿ ಗುದ್ದಿದೆ. ಈಗ ಸ್ಟಾರ್ಟ್ ಮಾಡುವ ಮುಂಚೆ ಗೇರ್ ಹಾಕಿ, ಕ್ಲಚ್ ಹಿಡಿದು, ಹಿಂದೆ ಮುಂದೆ ನಾಲ್ಕು ಸಲ ತಳ್ಳುತ್ತೇನೆ. ಟಕ್ ಅಂತ ಬಿಡುತ್ತದೆ.

ಟೈರು ಈ ಗಾಡಿಯ ಜೀವ. ಹಿಂದೆ 4.00-18 ಟ್ಯೂಬ್‌ಲೆಸ್, ಮುಂದೆ 2.75-21. ಹವಾ ಎಷ್ಟು ಗೊತ್ತಾ? ಹಿಂದೆ 4ರಿಂದ 5 ಪಿಎಸ್‌ಐ, ಮುಂದೆ 6. ನಮ್ಮ ಓಣಿಯ ಪಂಕ್ಚರ್ ಅಂಗಡಿಯವರು ಕೇಳಿ ನಕ್ಕು, "ಇಷ್ಟ್ ಕಮ್ಮಿ ಹವಾ ಇಟ್ರ ರಿಮ್ ಹೋಗತೈತಿ ನೋಡ್ರಿ" ಅಂತ 28 ಹೊಡೆದು ಕಳಿಸಿದರು. ಅಂಗಡಿಯ ಮೀಟರಿನಲ್ಲಿ 10ರ ಕೆಳಗೆ ಮುಳ್ಳು ಸರಿಯಾಗಿ ನಿಲ್ಲುವುದೂ ಇಲ್ಲ. 15 ಪಿಎಸ್‌ಐವರೆಗಿನ ಸಣ್ಣ ಗೇಜ್ ಮೊದಲ ದಿನವೇ ತಗೊಳ್ಳಿ. ಕಡಿಮೆ ಹವಾದಲ್ಲಿ ಒಮ್ಮೊಮ್ಮೆ ಟೈರು ರಿಮ್ ಬಿಟ್ಟು ಬರುತ್ತದೆ. ಆಗ ಟೆಂಪೋದಲ್ಲಿ ಗಾಡಿ ಕಟ್ಟುವ ಬೆಲ್ಟನ್ನೇ ಟೈರಿನ ಸುತ್ತ ಬಿಗಿದು, ಅಂಚಿಗೆ ಸೋಪಿನ ನೀರು ಹಚ್ಚಿ, ಕಂಪ್ರೆಸರ್‌ನಿಂದ ಒಮ್ಮೆಲೇ ಹವಾ ಬಿಟ್ಟರೆ ಕೂರುತ್ತದೆ. ಚಿರೆಕಲ್ಲು ಉಪ್ಪುಕಾಗದದ ಹಾಗೆ ಟೈರಿನ ಅಂಚು ತಿನ್ನುತ್ತದೆ. ಒಂದು ಕಡೆ ಸವೆದ ಮೇಲೆ ತಿರುಗಿಸಿ ಹಾಕಿ ಇನ್ನೂ ಆರು ತಿಂಗಳು ಎಳೆದೆ. ಮಳೆಗಾಲದಲ್ಲಿ ಅದೇ ಕಲ್ಲಿಗೆ ಪಾಚಿ ಹಿಡಿದರೆ ಯಾವ ಟೈರೂ ನಿಲ್ಲುವುದಿಲ್ಲ, ಅದು ಬೇರೆ ಮಾತು.

ಎರಡನೇ ವರ್ಷ ಏಪ್ರಿಲ್‌ನಲ್ಲಿ ಗಾಡಿ ಕುದಿಯಿತು. ನಡೆಯುವ ವೇಗದಲ್ಲಿ ಓಡುವ ಗಾಡಿಗೆ ಎದುರು ಗಾಳಿ ಎಲ್ಲಿಂದ ಬರಬೇಕು? ರೇಡಿಯೇಟರ್ ಹಿಂದಿನ ಸಣ್ಣ ಫ್ಯಾನೇ ಗತಿ. ಅದು ತಿರುಗದಿದ್ದರೆ ಹೀಗೆ ನೋಡಿ: ಬಿಸಿಯಾದಾಗ ಫ್ಯಾನ್ ಚಾಲೂ ಮಾಡುವ, ರೇಡಿಯೇಟರಿನ ಥರ್ಮಲ್ ಸ್ವಿಚ್ಚಿನಿಂದ ಎರಡು ವೈರ್ ಬಿಚ್ಚಿ, ಎಂಜಿನ್ ಓಡುತ್ತಿರುವಾಗ ಒಂದಕ್ಕೊಂದು ತಾಗಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ, ತಿರುಗದಿದ್ದರೆ ಫ್ಯಾನು ಇಲ್ಲವೇ ವೈರಿಂಗು. ನನ್ನದು ಫ್ಯಾನೇ, ಒಳಗೆ ಕೆಮ್ಮಣ್ಣು ಒಣಗಿ ಸಿಮೆಂಟ್ ಆಗಿತ್ತು. ಅದೂ ತೊಳೆಯದೆ ಎರಡು ವಾರ ನಿಲ್ಲಿಸಿದ ಪುಣ್ಯ.

ಆದರೆ ತೊಳೆಯುವುದರಲ್ಲೂ ಪೇಚಿದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರು ಹಿಂದಿನ ಶಾಕ್ಸ್ ಕೆಳಗಿನ ಲಿಂಕ್‌ಗಳ ಒಳಗೆ ಹೊಕ್ಕು, ಅಲ್ಲಿನ ನೀಡಲ್ ಬೇರಿಂಗ್ (ಸೂಜಿಯಂಥ ಸಣ್ಣ ರೋಲರ್ ಇರುವ ಬೇರಿಂಗ್) ತುಕ್ಕು ಹಿಡಿದು ಪುಡಿಯಾಯಿತು. ಇಲ್ಲಿ ಮಾತ್ರ ಬೆಳಗಾವಿಯಲ್ಲಿ ಇರುವುದು ಲಾಭ. ಬೇರಿಂಗ್ ಮೇಲೆ ನಂಬರ್ ಕೆತ್ತಿರುತ್ತದೆ. 6004 ಅಂದರೆ ಒಳಗೆ 20, ಹೊರಗೆ 42, ದಪ್ಪ 12 ಮಿಲಿಮೀಟರ್, ಯಾವ ದೇಶದ ಗಾಡಿಯಾದರೂ ಅಷ್ಟೇ. ಆಯಿಲ್ ಸೀಲ್‌ಗೂ ಇದೇ ಮೂರು ಅಳತೆ. ಗಾಡಿ ಹೆಸರು ಹೇಳಿದರೆ ಅಂಗಡಿಯವರು ಇಲ್ಲ ಅನ್ನುತ್ತಾರೆ, ಅಳತೆ ಹೇಳಿದರೆ ಡಬ್ಬಿ ಇಳಿಸುತ್ತಾರೆ. ಲಿಂಕಿನ ಸ್ಲೀವ್ ಮಾತ್ರ ಎಲ್ಲೂ ಸಿಗಲಿಲ್ಲ. ಉದ್ಯಮಬಾಗದ ಒಂದು ಸಣ್ಣ ಲೇಥ್ ಅಂಗಡಿಗೆ ಹಳೆಯದನ್ನು ಒಯ್ದೆ. ಕಾಕಾ ಕನ್ನಡಕ ಏರಿಸಿ, ಮೈಕ್ರೋಮೀಟರ್ ಹಿಡಿದು ನೋಡಿ, "ಮಾಡಿಕೊಡ್ತೀನಿ, ಆದ್ರ ಹಾರ್ಡನಿಂಗ್ ಮಾಡಸ್ಲಿಲ್ಲಂದ್ರ ಸೂಜಿ ಒಂದ್ ತಿಂಗಳದಾಗ ಕೊರಿತಾವ ನೋಡ್ರಿ" ಅಂದರು. ಹಾರ್ಡನಿಂಗ್, ಗ್ರೈಂಡಿಂಗ್ ಎಲ್ಲ ಅದೇ ಓಣಿಯಲ್ಲಿ ಆಯಿತು. ಎರಡು ವರ್ಷ ಆಯಿತು, ಇನ್ನೂ ಕೂದಲು ಕೊಂಕಿಲ್ಲ. ಎಂಜಿನ್ ಅಡಿಯ ಅಲ್ಯೂಮಿನಿಯಂ ಪ್ಲೇಟ್ ಸೀಳಿದಾಗ ಆರ್ಗಾನ್ ವೆಲ್ಡಿಂಗ್ ಮಾಡಿಸಿದ್ದೂ ಅಲ್ಲೇ. ಫೌಂಡ್ರಿ ಊರಿನಲ್ಲಿ ಇಂಥ ಗಾಡಿ ಸಾಕುವುದು ಬೆಂಗಳೂರಿಗಿಂತ ಸುಲಭ ಅಂತ ನನ್ನ ಖಾತ್ರಿ. ಈಗ ಬಕೆಟ್ ನೀರು, ಬ್ರಷ್, ಆರು ತಿಂಗಳಿಗೊಮ್ಮೆ ಲಿಂಕ್ ಬಿಚ್ಚಿ ಗ್ರೀಸ್.

ಫೋರ್ಕಿನಿಂದ ಆಯಿಲ್ ಒಸರಿದರೆ ಹೊಸ ಸೀಲ್‌ಗೆ ಓಡಬೇಡಿ, ಬಹಳ ಸಲ ಒಳಗೆ ಮಣ್ಣಿನ ಕಣ ಸಿಕ್ಕಿರುತ್ತದೆ ಅಷ್ಟೆ. ಹಳೆಯ ಕ್ಯಾಮೆರಾ ನೆಗೆಟಿವ್ ತುಂಡನ್ನು ಸೀಲಿನ ಸಂದಿಗೆ ತೂರಿಸಿ ಸುತ್ತಲೂ ಎಳೆದರೆ ಕಣ ಹೊರಗೆ ಬರುತ್ತದೆ. ನಾನು ಬಳಸಿದ್ದು ಅಣ್ಣನ ಮದುವೆಯ ನೆಗೆಟಿವ್. ಅವನಿಗೆ ಹೇಳಿಲ್ಲ. ಕ್ಲಚ್, ಬ್ರೇಕ್ ಲಿವರ್‌ಗಳನ್ನು ಪೂರ್ತಿ ಬಿಗಿಯಬೇಡಿ, ಬಿದ್ದಾಗ ಹ್ಯಾಂಡಲ್ ಮೇಲೆ ತಿರುಗಿ ಉಳಿಯುತ್ತವೆ. ಏರ್ ಫಿಲ್ಟರ್ ಸ್ಪಂಜು ಪ್ರತಿ ಎರಡನೇ ಸವಾರಿಗೆ ಸೋಪಿನಲ್ಲಿ ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಲೇಬೇಕು. ನಮ್ಮ ಕೆಂಪು ಧೂಳು ಪಿಸ್ಟನ್ ತಿನ್ನುತ್ತದೆ.

ಒಂದು ಸಲವಂತೂ ಅರವತ್ತು ಕಿಕ್ ಹೊಡೆದೆ. ಪ್ಲಗ್ ಬದಲಿಸಿದೆ, ಕಾರ್ಬುರೇಟರ್ ಎರಡು ಸಲ ಬಿಚ್ಚಿದೆ, ಅಂಗಿ ತೊಯ್ದು ಹೋಯಿತು. ಆಡು ಮೇಯಿಸುವ ಹುಡುಗ ಬಂದು, "ಕಾಕಾ, ಇದು ನಿಮ್ದ ಏನ್ರಿ?" ಅಂತ ಒಂದು ಕೆಂಪು ಬಿಲ್ಲೆ ಚಾಚಿದ. ಕಿಲ್ ಸ್ವಿಚ್ಚಿನ ಮ್ಯಾಗ್ನೆಟ್. ಬಿದ್ದಾಗ ಎಂಜಿನ್ ಬಂದ್ ಆಗಲಿ ಅಂತ ಮಣಿಕಟ್ಟಿಗೆ ದಾರದಲ್ಲಿ ಕಟ್ಟಿಕೊಳ್ಳುವಂಥದ್ದು, ದಾರ ಹರಿದು ಕಲ್ಲಿನ ಸಂದಿಗೆ ಬಿದ್ದಿತ್ತು. ಅರವತ್ತು ಕಿಕ್ಕಿಗಿಂತ ಆ ಕಾಕಾ ಅಂದದ್ದೇ ಜಾಸ್ತಿ ನೋವಾಯಿತು.

ಪುಣೆ, ಕೊಲ್ಹಾಪುರ ಕಡೆ ಹಳೆಯದು ನೋಡಲು ಹೋಗುವವರು ಇಷ್ಟು ಮಾಡಿ. ಎಂಜಿನ್ ತಣ್ಣಗಿರುವಾಗಲೇ ಹೋಗಿ, ಬಿಸಿ ಮಾಡಿಟ್ಟಿದ್ದರೆ ಆರುವವರೆಗೆ ಚಹಾ ಕುಡಿಯಿರಿ. ರೇಸ್ ಕೊಟ್ಟು ಬಿಟ್ಟಾಗ ಸದ್ದು ಕೂಡಲೇ ಇಳಿಯಬೇಕು. ಇಳಿಯದೆ ಮೇಲೆಯೇ ತೂಗಾಡಿದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಕಾರ್ಬುರೇಟರ್ ರಬ್ಬರ್ ಇರಬಹುದು, ಕ್ರ್ಯಾಂಕ್ ಸೀಲ್ ಇರಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್‌ಬಾಕ್ಸ್ ಆಯಿಲ್ ತಾನಾಗಿ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಸೀಲ್ ಅಂತ ತಿಳಿಯಿರಿ. ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಲಟಲಟ ಅಂದರೆ ಲಿಂಕ್ ಬೇರಿಂಗ್ ಖರ್ಚು ಹಿಡಿದೇ ಬೆಲೆ ಕೇಳಿ. ಮತ್ತೆ ಕಾಗದಪತ್ರ ನೋಡಿ. ರಸ್ತೆಗೆ ರಿಜಿಸ್ಟ್ರೇಷನ್ ಇರುವುದಿಲ್ಲ ಸರಿ, ಆದರೆ ದೇಶದೊಳಗೆ ಹೇಗೆ ಬಂತು ಅನ್ನುವ ಕಸ್ಟಮ್ಸ್ ಕಾಗದ ಇರಬೇಕು.

ಮೈಲೇಜ್ ಕೇಳುವವರಿಗೆ: ಎರಡೂವರೆ ಲೀಟರಿನಲ್ಲಿ ಒಂದು ಮುಂಜಾನೆ ಕಳೆಯುತ್ತದೆ, ಗಾಡಿ ಇದ್ದ ಜಾಗದಿಂದ ಅರ್ಧ ಫರ್ಲಾಂಗ್ ದಾಟಿರುವುದಿಲ್ಲ.

ಸದ್ಯ ಹಿಂದಿನ ಬ್ರೇಕ್ ಸಿಲಿಂಡರ್ ಒಸರುತ್ತಿದೆ. ಸೀಲ್ ಕೊರಿಯರ್‌ನಲ್ಲಿದೆ, ಯಾವಾಗ ಬರುತ್ತದೋ. ಈ ಸಲ ಟಾಕಿ, ಕಾರ್ಬುರೇಟರ್ ಎರಡೂ ಖಾಲಿ ಮಾಡಿಟ್ಟಿದ್ದೇನೆ. ತುಳಸಿ ಕಟ್ಟೆಯಿಂದ ದೂರವೂ ನಿಲ್ಲಿಸಿದ್ದೇನೆ.