ಎನ್‌ಕ್ಲೆಕ್ಸ್‌ಗೆ ಯಾವ ಪ್ರಶ್ನೆಬ್ಯಾಂಕ್? ದುಡ್ಡು ಕಟ್ಟುವ ಮುಂಚೆ

ಅಮೆರಿಕದ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್‌ಗೆ ಬರೆಯುವ ಪರೀಕ್ಷೆ ಎನ್‌ಕ್ಲೆಕ್ಸ್; ಅದರ ಅಭ್ಯಾಸಕ್ಕೆ ಚಂದಾ ಕಟ್ಟಿ ಬಳಸುವ ಪ್ರಶ್ನೆಗಳ ಸಂಗ್ರಹವೇ ಪ್ರಶ್ನೆಬ್ಯಾಂಕ್. ಮೊದಲೇ ಹೇಳಿಬಿಡೋಣ: ಒಂದೇ ಒಂದು ಪ್ರಶ್ನೆಬ್ಯಾಂಕ್‌ಗೆ ದುಡ್ಡು ಹಾಕುವುದಾದರೆ ಯೂವರ್ಲ್ಡ್‌ಗೆ ಹಾಕಿ. ಕೈಯಲ್ಲಿ ಇನ್ನೂ ಉಳಿದರೆ, ಪರೀಕ್ಷೆಗೆ ಮೂರು ವಾರ ಇರುವಾಗ ಆರ್ಚರ್ ಎಂಬ ಇನ್ನೊಂದು ಬ್ಯಾಂಕ್ ತೆಗೆದುಕೊಳ್ಳಿ. ಅದಕ್ಕಿಂತ ಮುಂಚೆ ಬೇಡ. ಲೈವ್ ಕ್ಲಾಸ್‌ಗೆ ದೊಡ್ಡ ಮೊತ್ತ ಕಟ್ಟುವುದು ಕೆಲವರಿಗಷ್ಟೇ ಉಪಯೋಗ. ಆ ಕೆಲವರು ಯಾರು ಅನ್ನುವುದಕ್ಕೆ ಆಮೇಲೆ ಬರೋಣ. ಈ ಪರೀಕ್ಷೆಯ ನೋಂದಣಿಗೇ 200 ಡಾಲರ್ ಹೋಗುತ್ತದೆ. ಹೊರದೇಶದ ಕೇಂದ್ರದಲ್ಲಿ ಕೂತು ಬರೆದರೆ ಮೇಲೆ 150 ಡಾಲರ್ ಮತ್ತು ತೆರಿಗೆ. ಹಾಗಾಗಿ ತಯಾರಿಗೆ ಹಾಕುವ ದುಡ್ಡಿನಲ್ಲಿ ತಪ್ಪು ಮಾಡಿದರೆ ಇನ್ನೊಮ್ಮೆ ಪರೀಕ್ಷೆ ಬರೆಯುವ ದುಡ್ಡೂ ಅದರ ಹಿಂದೆಯೇ ಹೋಗುತ್ತದೆ.

ಯಾವುದನ್ನು ಕೊಳ್ಳಬೇಕು ಅನ್ನುವುದನ್ನು ಪರೀಕ್ಷೆಯ ರಚನೆಯೇ ಹೇಳುತ್ತದೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ. ಅದರಲ್ಲಿ 15 ಪ್ರಶ್ನೆಗಳಿಗೆ ಅಂಕವೇ ಇಲ್ಲ, ಆದರೆ ಯಾವ 15 ಎಂದು ನಿಮಗೆ ಗೊತ್ತಾಗುವುದಿಲ್ಲ. ನೀವು ಉತ್ತರಿಸುತ್ತಾ ಹೋದಂತೆ ಕಂಪ್ಯೂಟರ್ ನಿಮ್ಮ ಮಟ್ಟ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ಒಮ್ಮೆ ಮುಂದೆ ಹೋದರೆ ಹಿಂದಕ್ಕೆ ಬರುವಂತಿಲ್ಲ. 2023ರ ಏಪ್ರಿಲ್ 1ರಿಂದ ನೆಕ್ಸ್ಟ್ ಜನರೇಷನ್ ಮಾದರಿ ಬಂದಿದೆ: ಪ್ರತಿಯೊಬ್ಬರಿಗೂ ಆರಾರು ಪ್ರಶ್ನೆಯ ಮೂರು ಕೇಸ್ ಸ್ಟಡಿ ಇದ್ದೇ ಇರುತ್ತವೆ. ಸೂಚನೆ ಗುರುತಿಸುವುದು, ಅದನ್ನು ಬಿಡಿಸಿ ನೋಡುವುದು, ಯಾವುದು ಮೊದಲು ಎಂದು ತೀರ್ಮಾನಿಸುವುದು, ದಾರಿ ಹುಡುಕುವುದು, ಕೆಲಸ ಮಾಡುವುದು, ಫಲ ನೋಡುವುದು: ಕೇಸಿನ ಆರು ಪ್ರಶ್ನೆಗಳು ಈ ಆರು ಮೆಟ್ಟಿಲುಗಳು. ಆದ್ದರಿಂದ 2023ಕ್ಕೆ ಮುಂಚಿನ ಪಿಡಿಎಫ್, ಸೀನಿಯರ್‌ಗಳಿಂದ ಬಂದ ಹಳೆಯ ಸಿಡಿ, ಅರ್ಧ ಬೆಲೆಗೆ ಸಿಗುವ ದಪ್ಪ ಪುಸ್ತಕದ ಹಿಂದಿನ ಆವೃತ್ತಿ, ಇವೆಲ್ಲ ವಿಷಯ ಓದಲು ಸರಿ, ಅಭ್ಯಾಸಕ್ಕೆ ಸಾಲದು.

ಹಳೆಯ ಸಾಮಗ್ರಿ ಕಲಿಸುವ ಒಂದು ತಪ್ಪನ್ನಂತೂ ಬಿಡಿಸಿ ಹೇಳಬೇಕು. ‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಪ್ರಶ್ನೆಯಲ್ಲಿ ಒಂದು ತಪ್ಪಾದರೆ ಪೂರ್ತಿ ಸೊನ್ನೆ ಎಂಬ ಕಾಲ ಮುಗಿಯಿತು. ಈಗ ಸರಿಗೆ ಒಂದು ಕೂಡುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಆರು ಆಯ್ಕೆಯಲ್ಲಿ ನಾಲ್ಕು ಸರಿ ಅಂದುಕೊಳ್ಳಿ. ನಾಲ್ಕು ಸರಿ, ಒಂದು ತಪ್ಪು ಒತ್ತಿದರೆ ಮೂರು ಅಂಕ. ಖಚಿತವಾಗಿ ಗೊತ್ತಿರುವ ಮೂರನ್ನಷ್ಟೇ ಒತ್ತಿದರೂ ಮೂರು ಅಂಕ. ಆರಕ್ಕೆ ಆರನ್ನೂ ಒತ್ತಿದರೆ ಎರಡು. ಅಂದರೆ ಅನುಮಾನದ ಆಯ್ಕೆಗೆ ಕೈ ಹಾಕಬೇಕೋ ಬೇಡವೋ ಅನ್ನುವುದು ಈಗ ಲೆಕ್ಕಾಚಾರದ ವಿಷಯ. ಬೋ-ಟೈ (ಬೋ ಆಕಾರದ ಚಿತ್ರದ ಖಾಲಿ ಜಾಗಗಳಿಗೆ ಉತ್ತರ ತುಂಬುವ) ಪ್ರಶ್ನೆಯಲ್ಲಿ ಕಥೆ ಬೇರೆ: ಐದು ಜಾಗ, ಐದು ಅಂಕ, ತಪ್ಪಿಗೆ ಕಡಿತವಿಲ್ಲ. ನೀವು ಕೊಳ್ಳುವ ಬ್ಯಾಂಕ್ ಈ ವ್ಯತ್ಯಾಸ ಇಟ್ಟುಕೊಂಡು ಅಂಕ ಹಾಕುತ್ತದೆಯೇ ಎಂದು ಉಚಿತ ಟ್ರಯಲ್‌ನಲ್ಲೇ ನೋಡಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಯೂವರ್ಲ್ಡ್ ಯಾಕೆ ಮುಂದೆ ಅಂದರೆ, ಅದರ ಉತ್ತರದ ವಿವರಣೆಗೆ. ಪ್ರಶ್ನೆಗಳು ಎರಡು ಸಾವಿರಕ್ಕೂ ಮೇಲಿವೆ, ಆದರೆ ಸಂಖ್ಯೆಗೆ ಮರುಳಾಗುವ ಅಗತ್ಯವಿಲ್ಲ. ಸರಿ ಉತ್ತರ ಯಾಕೆ ಸರಿ ಎನ್ನುವುದರ ಜೊತೆಗೆ ಉಳಿದ ಒಂದೊಂದೂ ಯಾಕೆ ತಪ್ಪು ಎಂದು ಚಿತ್ರ ಸಮೇತ ಬರೆದಿರುವುದೇ ನಿಜವಾದ ಸರಕು. ಇಂಥ ಒಂದು ಪ್ರಶ್ನೆ ಊಹಿಸಿಕೊಳ್ಳಿ: ಹಾರ್ಟ್ ಫೇಲ್ಯೂರ್ ಇರುವ ಪೇಷೆಂಟ್, ಡಿಗಾಕ್ಸಿನ್ (ಹೃದಯದ ಔಷಧಿ) ಮತ್ತು ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸುವ ಔಷಧಿ) ಎರಡೂ ನಡೆಯುತ್ತಿದೆ, ಪೊಟ್ಯಾಶಿಯಂ 2.9ಕ್ಕೆ ಇಳಿದಿದೆ, ಬೆಳಗಿನಿಂದ ವಾಕರಿಕೆ, ದೀಪದ ಸುತ್ತ ಹಳದಿ ಬಳೆ ಕಾಣುತ್ತಿದೆ ಅನ್ನುತ್ತಾರೆ. ನರ್ಸ್ ಮೊದಲು ಏನು ಮಾಡಬೇಕು? ವಾಂತಿ ನಿಲ್ಲುವ ಔಷಧಿ, ಡಿಗಾಕ್ಸಿನ್ ತಡೆದು ಏಪಿಕಲ್ ಪಲ್ಸ್ (ಎದೆಯ ಮೇಲೆ ಕೇಳುವ ಹೃದಯಬಡಿತ) ಎಣಿಸುವುದು, ಬಾಳೆಹಣ್ಣು ತಿನ್ನಲು ಹೇಳುವುದು, ಬೆಳಗಿನ ಫ್ಯೂರೋಸೆಮೈಡ್ ಕೊಡುವುದು ಎಂದು ನಾಲ್ಕು ಆಯ್ಕೆ.

ಎರಡನೆಯದು ಸರಿ ಎಂದು ಗುರುತಿಸಿ ‘ನೆಕ್ಸ್ಟ್’ ಒತ್ತಿದವರು ಅರ್ಧ ದುಡ್ಡು ಅಲ್ಲೇ ಕಳೆದುಕೊಂಡರು. ಡಿಗಾಕ್ಸಿನ್ ಮತ್ತು ಪೊಟ್ಯಾಶಿಯಂ ಜೀವಕೋಶದ ಒಂದೇ ಪಂಪಿನ ಮೇಲೆ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಪೊಟ್ಯಾಶಿಯಂ ಇಳಿದರೆ ಡಿಗಾಕ್ಸಿನ್ ಹೆಚ್ಚು ಕೂರುತ್ತದೆ, ವಿಷವಾಗುತ್ತದೆ. ಪೊಟ್ಯಾಶಿಯಂ ಇಳಿಸಿದ್ದೇ ಫ್ಯೂರೋಸೆಮೈಡ್, ಹಾಗಾಗಿ ನಾಲ್ಕನೆಯದು ಗಾಯಕ್ಕೆ ಉಪ್ಪು. ಮೊದಲನೆಯದು ಲಕ್ಷಣವನ್ನು ಮುಚ್ಚುತ್ತದೆ. ಬಾಳೆಹಣ್ಣು ತಪ್ಪಲ್ಲ, ಆದರೆ ಅದು ಮನೆಗೆ ಕಳಿಸುವಾಗ ಹೇಳುವ ಮಾತು; 2.9 ಇರುವಾಗ ‘ಮೊದಲು’ ಮಾಡುವ ಕೆಲಸವಲ್ಲ. ಈ ಐದು ವಾಕ್ಯ ಓದಿದವರಿಗೆ ಒಂದು ಪ್ರಶ್ನೆಯಲ್ಲಿ ನಾಲ್ಕು ಪ್ರಶ್ನೆಯ ವಿದ್ಯೆ ಸಿಕ್ಕಿತು. ಓದಿದ ಮೇಲೆ ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಯಿರಿ, ಎರಡು ಬೇಡ. ವಿವರಣೆಯನ್ನು ಪೂರ್ತಿ ನಕಲು ಮಾಡಿ ಮೂರು ನೋಟ್‌ಬುಕ್ ತುಂಬಿಸುವವರು ಅದನ್ನು ಮತ್ತೆ ತೆರೆಯುವುದೇ ಇಲ್ಲ.

ಚಂದಾ ಎಷ್ಟು ದಿನದ್ದು ಬೇಕು ಅನ್ನುವುದು ಸರಳ ಗಣಿತ. ಪ್ರಶ್ನೆಗೆ ಎರಡು ನಿಮಿಷ (300 ನಿಮಿಷವನ್ನು 150ರಿಂದ ಭಾಗಿಸಿದರೆ ಬರುವುದೂ ಅಷ್ಟೇ), ವಿವರಣೆಗೆ ಮೂರು. ಐವತ್ತು ಪ್ರಶ್ನೆ ಅಂದರೆ 250 ನಿಮಿಷ, ನಾಲ್ಕು ಗಂಟೆಗೂ ಮೇಲೆ. ಡ್ಯೂಟಿ ಮುಗಿಸಿ ಬಂದು ದಿನಾ ನಾಲ್ಕು ಗಂಟೆ ಕೂರುತ್ತೇನೆ ಎಂದು ಟೈಂಟೇಬಲ್ ಹಾಕುವವರೇ ಎರಡನೇ ವಾರಕ್ಕೆ ಕೈಬಿಡುವುದು. ದಿನಕ್ಕೆ 25ರಿಂದ 30 ಇಟ್ಟುಕೊಂಡರೆ ಎರಡು ಸಾವಿರಕ್ಕೆ 70–80 ದಿನ. ಅಲ್ಲಿಗೆ ಮೂರು ತಿಂಗಳ ಚಂದಾ ಸರಿಹೋಯಿತು. ಒಂದು ತಿಂಗಳದ್ದು ಅಗ್ಗ ಅನ್ನಿಸಿದರೂ ಕೆಲಸ ಬಿಟ್ಟು ಕೂತವರಿಗೆ ಮಾತ್ರ. ಮೊದಲ ಮೂರನೇ ಒಂದು ಭಾಗ ಟ್ಯೂಟರ್ ಮೋಡ್‌ನಲ್ಲಿ (ಪ್ರತಿ ಪ್ರಶ್ನೆಯ ಬೆನ್ನಿಗೇ ಉತ್ತರ ತೋರಿಸುವುದು), ವಿಷಯವಾರು ಮಾಡಿ. ಆಮೇಲೆ ಟೈಂಡ್ ಮೋಡ್ (ಸಮಯ ಕಟ್ಟಿ ಮಾಡುವುದು), ಎಲ್ಲ ವಿಷಯ ಬೆರೆಸಿ. ಕೊನೆಯವರೆಗೂ ಟ್ಯೂಟರ್ ಮೋಡ್‌ನಲ್ಲೇ ಇದ್ದರೆ ಪ್ರತಿ ಪ್ರಶ್ನೆಗೂ ತಕ್ಷಣ ಸಮಾಧಾನ ಸಿಗುವ ಚಟ ಹತ್ತುತ್ತದೆ. ಪರೀಕ್ಷೆಯ ಹಾಲ್‌ನಲ್ಲಿ ಆ ಸಮಾಧಾನ ಕೊಡುವವರು ಯಾರೂ ಇಲ್ಲ.

ದುಡ್ಡು ಹೆಚ್ಚು ಪೋಲಾಗುವುದು ಇನ್ನೊಂದು ಕಡೆ: ಚಂದಾವನ್ನು ಬೇಗ ಶುರುಮಾಡಿಬಿಡುವುದು. ಹೊರದೇಶದಲ್ಲಿ ಓದಿದವರ ದಾಖಲೆ ಪರಿಶೀಲನೆಗೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಾದ ಮೇಲೆ ಪರೀಕ್ಷೆಗೆ ಅನುಮತಿ ಪತ್ರ, ಎಲ್ಲರ ಬಾಯಲ್ಲಿ ಎಟಿಟಿ, ಬರುತ್ತದೆ. ಅದರ ಅವಧಿ ಒಂದೊಂದು ನರ್ಸಿಂಗ್ ಬೋರ್ಡ್‌ಗೆ ಬೇರೆ, ಸರಾಸರಿ 90 ದಿನ, ಮುಂದಕ್ಕೆ ಹಾಕಿಸಿಕೊಳ್ಳುವಂತಿಲ್ಲ. ದಾಖಲೆ ಕಳಿಸಿದ ಹುರುಪಿನಲ್ಲೇ ಚಂದಾ ಕಟ್ಟಿದರೆ ಎಟಿಟಿ ಕೈಗೆ ಬರುವಷ್ಟರಲ್ಲಿ ಚಂದಾ ತೀರಿರುತ್ತದೆ. ಕಾಯುವ ತಿಂಗಳುಗಳನ್ನು ಪುಸ್ತಕಕ್ಕೆ, ಲ್ಯಾಬ್ ಪರೀಕ್ಷೆಗಳ ನಾರ್ಮಲ್ ವ್ಯಾಲ್ಯೂಗಳಿಗೆ, ಔಷಧಿಗಳಿಗೆ ಕೊಡಿ.

ಆರ್ಚರ್‌ನ ಬಲ ಬೇರೆ ಕಡೆ ಇದೆ. ವಿವರಣೆ ಯೂವರ್ಲ್ಡ್‌ನಷ್ಟು ಸೊಂಪಾಗಿಲ್ಲ ಅನ್ನುವುದು ನಮ್ಮ ಅಭಿಪ್ರಾಯ, ಬೆಲೆ ಹಗುರ. ಅದರ ರೆಡಿನೆಸ್ ಅಸೆಸ್‌ಮೆಂಟ್ ನಿಮ್ಮನ್ನು ಬೇರೆ ಅಭ್ಯರ್ಥಿಗಳ ಜೊತೆ ತೂಗಿ ಪಾಸಾಗುವ ಸಾಧ್ಯತೆ ಹೇಳುತ್ತದೆ. ಸಾಲಾಗಿ ನಾಲ್ಕು ಸಲ ‘ಹೈ’ ಬಂದರೆ ಹೋಗಿ ಬರೆಯಿರಿ ಅನ್ನುವ ಮಾತು ಅಭ್ಯರ್ಥಿಗಳ ನಡುವೆ ಓಡಾಡುತ್ತದೆ. ಅದನ್ನು ಭರವಸೆಯಾಗಿ ಅಲ್ಲ, ಥರ್ಮಾಮೀಟರ್ ಆಗಿ ಇಟ್ಟುಕೊಳ್ಳಿ. ಜ್ವರ ಅಳೆದರೆ ಜ್ವರ ಇಳಿಯುವುದಿಲ್ಲ. ಮೂರು ವಾರ ಮುಂಚೆ ಎಂದದ್ದು ಇದಕ್ಕೇ. ಇನ್ನೂ ಓದದ ವಿಷಯದಲ್ಲಿ ‘ಬಾರ್ಡರ್‌ಲೈನ್’ ಬಂದರೆ ಗಾಬರಿ ಬಿಟ್ಟು ಬೇರೇನೂ ಸಿಗುವುದಿಲ್ಲ.

ಅಂದಹಾಗೆ, ಬ್ಯಾಂಕಿನ ಶೇಕಡಾವಾರು ನೋಡಿ ಅಳುವುದನ್ನು ನಿಲ್ಲಿಸಿ. ಸರಿ ಮಾಡಿದಂತೆ ಕಷ್ಟದ ಪ್ರಶ್ನೆ ಬರುವ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಪ್ಪಾಗುವುದೇ ವ್ಯವಸ್ಥೆ. 85ಕ್ಕೆ ಪರದೆ ನಿಂತರೂ ಪಾಸೂ ಇರಬಹುದು, ಫೇಲೂ ಇರಬಹುದು. ನಿಮ್ಮ ಮಟ್ಟ ಪಾಸಿನ ಗೆರೆಯ ಯಾವ ಕಡೆಗಿದೆ ಎಂದು ಕಂಪ್ಯೂಟರ್‌ಗೆ ಶೇ. 95ರಷ್ಟು ಖಾತ್ರಿಯಾಯಿತು ಎಂದಷ್ಟೇ ಅದರ ಅರ್ಥ. ಸಮಯ ಮುಗಿಯುವುದರೊಳಗೆ 85 ಮುಟ್ಟದಿದ್ದರೆ ಮಾತ್ರ ಬೇರೆ ಮಾತಿಲ್ಲದೆ ಫೇಲ್. ವಿರಾಮ ತೆಗೆದುಕೊಂಡರೆ ಅದೂ ಐದು ಗಂಟೆಯೊಳಗಿನದೇ. ಆದ್ದರಿಂದ ಕೊನೆಯ ಎರಡು ವಾರದಲ್ಲಿ ಎರಡು ಸಲವಾದರೂ 150 ಪ್ರಶ್ನೆ ಒಂದೇ ಸಲ ಕೂತು ಮಾಡಿ; ನೂರರ ಮೇಲೆ ‘ಮೊದಲು’, ‘ಹೊರತುಪಡಿಸಿ’ ಮುಂತಾದ ಪದಗಳನ್ನೇ ಕಣ್ಣು ಹಾರಿಸಿ ಓದುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ.

ಈಗ ಲೈವ್ ಕ್ಲಾಸ್ ಯಾರಿಗೆ? ಕೋರ್ಸ್ ಮುಗಿದು ಹಲವು ವರ್ಷ ಒಂದೇ ವಿಭಾಗದಲ್ಲಿ, ಉದಾಹರಣೆಗೆ ಬರೀ ಓಟಿಯಲ್ಲಿ (ಆಪರೇಷನ್ ಥಿಯೇಟರ್), ಕೆಲಸ ಮಾಡಿದವರಿಗೆ. ಹೆರಿಗೆ, ಮಕ್ಕಳ ವಿಭಾಗ, ಮನೋರೋಗ ಪೂರ್ತಿ ಮರೆತವರಿಗೆ ಪ್ರಶ್ನೆಬ್ಯಾಂಕ್ ಒಂದೇ ಆದರೆ ತಳವಿಲ್ಲದ ಪಾತ್ರೆಗೆ ನೀರು ಹೊಯ್ದಂತೆ. ಇನ್ನೊಂದು ಗುಂಪು, ಅಮೆರಿಕದ ಹೊರಗೆ ಓದಿದವರು; ಇವರಿಗೆ ದೀರ್ಘ ಕ್ಲಾಸೇನೂ ಬೇಡ. ಅವರು ಸೋಲುವುದು ವಿಷಯ ಗೊತ್ತಿಲ್ಲದೆ ಅಲ್ಲ, ಅಲ್ಲಿನ ಪದ್ಧತಿ ಗೊತ್ತಿಲ್ಲದೆ. 2023ರ ಟೆಸ್ಟ್ ಪ್ಲಾನ್‌ನಲ್ಲಿ (ಯಾವ ವಿಷಯಕ್ಕೆ ಎಷ್ಟು ಪಾಲು ಎಂಬ ಪಟ್ಟಿ) ಎಲ್ಲಕ್ಕಿಂತ ದೊಡ್ಡ ಪಾಲು, ಶೇ. 15ರಿಂದ 21, ಮ್ಯಾನೇಜ್‌ಮೆಂಟ್ ಆಫ್ ಕೇರ್‌ನದು. ಯಾರಿಗೆ ಯಾವ ಕೆಲಸ ಒಪ್ಪಿಸಬಹುದು ಅನ್ನುವುದು ಅದರೊಳಗೇ ಬರುತ್ತದೆ. ಸ್ಥಿರವಾಗಿರುವ ಪೇಷೆಂಟ್‌ಗೆ ಸ್ನಾನ, ಊಟ, ವೈಟಲ್ಸ್ (ಜ್ವರ, ನಾಡಿ, ಬಿಪಿ ಅಳೆಯುವುದು) ಸಹಾಯಕರಿಗೆ ಒಪ್ಪಿಸಬಹುದು. ಆಪರೇಷನ್ ಮುಗಿದು ಈಗಷ್ಟೇ ಬಂದವರ ಮೊದಲ ವೈಟಲ್ಸ್ ಆರ್‌ಎನ್ ಕೆಲಸ. ಅಸೆಸ್‌ಮೆಂಟ್, ತಿಳಿಹೇಳುವುದು, ಮೌಲ್ಯಮಾಪನ ಈ ಮೂರನ್ನು ಸಹಾಯಕರಿಗೆ ಎಂದೂ ಬಿಟ್ಟುಕೊಡುವಂತಿಲ್ಲ. ಔಷಧಿಯ ಹೆಸರೂ ಎಡವಿಸುತ್ತದೆ: ಪ್ಯಾರಾಸಿಟಮಾಲ್ ಅಲ್ಲಿ ಅಸಿಟಾಮಿನೋಫೆನ್, ಸಾಲ್ಬುಟಮಾಲ್ ಆಲ್ಬುಟೆರಾಲ್, ಅಡ್ರಿನಲಿನ್ ಎಪಿನೆಫ್ರಿನ್, ಪೆಥಿಡಿನ್ ಮೆಪೆರಿಡಿನ್. ಬ್ರ್ಯಾಂಡ್ ಹೆಸರು ಕಂಠಪಾಠ ಮಾಡಬೇಡಿ, ಪರೀಕ್ಷೆ ಕೇಳುವುದು ಜೆನೆರಿಕ್. ತೂಕ ಪೌಂಡ್‌ನಲ್ಲಿ ಬಂದರೆ 2.2ರಿಂದ ಭಾಗಿಸಿ: 132 ಪೌಂಡ್ ಅಂದರೆ 60 ಕೆಜಿ.

ಪದ್ಧತಿಯ ಈ ಕೊರತೆಗೆ ಎರಡು ವಾರದ ಕೇಂದ್ರಿತ ಅಭ್ಯಾಸ ಸಾಕು, ಆರು ತಿಂಗಳ ಕ್ಲಾಸ್ ಬೇಡ. ಕ್ಲಾಸ್ ಸೇರಲೇಬೇಕೆಂದರೆ ‘ಪಾಸಾಗದಿದ್ದರೆ ಹಣ ವಾಪಸ್’ ಎಂಬ ಸಾಲಿನ ಕೆಳಗಿನ ಸಣ್ಣಕ್ಷರ ಓದಿ. ಹಾಜರಾತಿ ಎಷ್ಟಿರಬೇಕು, ಎಷ್ಟು ಪ್ರಶ್ನೆ ಮುಗಿಸಿರಬೇಕು, ಮೊದಲ ಪ್ರಯತ್ನವೇ ಆಗಿರಬೇಕೇ, ಎಲ್ಲ ಅಲ್ಲಿರುತ್ತದೆ. ಇನ್ನೊಂದು ತಯಾರಿ ಕಂಪನಿ ಕಪ್ಲಾನ್‌ನ ಡಿಸಿಷನ್ ಟ್ರೀ, ಅಂದರೆ ಆಯ್ಕೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೊಡೆದುಹಾಕುವ ಕ್ರಮ, ವಿಷಯ ಗೊತ್ತಿದ್ದೂ ಎರಡು ಆಯ್ಕೆಯ ನಡುವೆ ಸಿಕ್ಕಿಕೊಳ್ಳುವವರಿಗೆ ಹಿಡಿಸಬಹುದು. ಪರೀಕ್ಷೆ ನಡೆಸುವ ಎನ್‌ಸಿಎಸ್‌ಬಿಎನ್ ತಾನೇ ಕೊಡುವ ಮಾದರಿ ಪರದೆಯನ್ನು ಯಾವ ಬ್ಯಾಂಕ್ ಕೊಂಡವರೂ ಒಮ್ಮೆ ನೋಡಲೇಬೇಕು. ‘ನಿನ್ನೆ ಬಂದ ಪ್ರಶ್ನೆ’ ಎಂದು ಮಾರುವವರ ಹತ್ತಿರ ಹೋಗಬೇಡಿ. ಪ್ರಶ್ನೆ ಹಂಚುವುದು ಗೌಪ್ಯತೆಯ ಒಪ್ಪಂದ ಮುರಿದಂತೆ, ಫಲಿತಾಂಶವೇ ರದ್ದಾಗಬಹುದು.

ಫೇಲಾದವರಿಗೆ ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್ ಬರುತ್ತದೆ. ಪ್ರತಿ ವಿಭಾಗದಲ್ಲೂ ನೀವು ಪಾಸಿನ ಗೆರೆಗಿಂತ ಮೇಲೋ, ಹತ್ತಿರವೋ, ಕೆಳಗೋ ಎಂದು ಅದರಲ್ಲಿರುತ್ತದೆ. ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು. ಆ ದಿನಗಳಿಗೆ ಅದೇ ಬ್ಯಾಂಕಿನ ಚಂದಾ ನವೀಕರಿಸುವ ಮುಂಚೆ ಹಳೆಯ ಇಪ್ಪತ್ತು ಪ್ರಶ್ನೆ ತೆರೆದು ನೋಡಿ. ಪ್ರಶ್ನೆಯ ಎರಡನೇ ಸಾಲಿಗೆ ಬರುವ ಮುಂಚೆಯೇ ಉತ್ತರ ನೆನಪಾದರೆ ಆ ಬ್ಯಾಂಕ್ ನಿಮಗೆ ಮುಗಿಯಿತು. ಬೇರೆಯದಕ್ಕೆ ಹೋಗಿ, ಮೊದಲ ಹತ್ತು ದಿನ ‘ಕೆಳಗೆ’ ಎಂದು ಬಂದ ವಿಭಾಗಗಳನ್ನು ಬಿಟ್ಟು ಬೇರೇನೂ ಮುಟ್ಟಬೇಡಿ.